ದಡಿ ಹಚ್ಚಿದ ಗುಳಿಗೆ

ಕಳೆದ ತಿಂಗಳು ನಮ್ಮ ಹಳೆಯ ಆಫೀಸಿನಿಂದ ಫೋನ್ ಬಂತು. ನಾನು ನಿವೃತ್ತಳಾದ ಮೇಲೆ ನನ್ನ ಕುರ್ಚಿಯಲ್ಲಿ ಕುಳಿತಿರುವ ಹುಡುಗಿ ವಿದ್ಯಾ ಮಾತಾಡಿದಳು. ಒಂದು ವಿಟಮಿನ್ ಗುಳಿಗೆಯ ಜಾಹೀರಾತು ಬಂದಿದೆಯಂತೆ, ಪತ್ರಿಕೆಗೆ ಕಾಲು ಪುಟ, ಹೇಗೆ ಬರೆಯಲಿ ಎಂದು ಕೇಳಿದಳು. ನೀನು ಬರೆದದ್ದನ್ನು ಮೊದಲು ಓದು ಅಂದೆ. 'ಆರೋಗ್ಯವೇ ಭಾಗ್ಯ' ಎಂದು ಶುರು ಮಾಡಿದಳು. ನನಗೆ ಸಿಟ್ಟು ಬಂತು, ಫೋನ್ ಇಟ್ಟುಬಿಟ್ಟೆ. ಸಿಟ್ಟು ಬೇಗ ಏರುವುದು, ಬೇಗ ಇಳಿಯುವುದು ನನ್ನ ಹಳೆಯ ರೋಗ; ಅದಕ್ಕೆ ಯಾವ ವಿಟಮಿನ್ನೂ ಇಲ್ಲ. ಚಹಾ ಕುಡಿದ ಮೇಲೆ ನಾನೇ ತಿರುಗಿ ಫೋನ್ ಮಾಡಿ, ಎರಡು ದಿನ ತಡೆ, ಬರೆದು ಕಳಿಸುತ್ತೇನೆ ಎಂದೆ. ಎರಡು ದಿನ ಹೋಗಿ ಇಪ್ಪತ್ತು ದಿನ ಆಯಿತು. ಈ ಕೆಲಸಕ್ಕೆ ಹೊಸದಾಗಿ ಬರುವ ಉಳಿದವರೂ ಇದನ್ನು ಓದಲಿ, ನನ್ನದೇನೂ ಅಭ್ಯಂತರವಿಲ್ಲ.

ಬಾಗಲಕೋಟೆಯಲ್ಲಿ ಈರಣ್ಣ ಸರ್ ನಡೆಸುತ್ತಿದ್ದ ಜಾಹೀರಾತು ಆಫೀಸಿನಲ್ಲಿ ನಾನು ಮೂವತ್ತೊಂದು ವರ್ಷ ಇದ್ದೆ. ಆಫೀಸು ಎಂದರೆ ಗಾಜಿನ ಬಾಗಿಲು, ತಣ್ಣನೆಯ ಗಾಳಿ ಎಂದೆಲ್ಲ ಕಲ್ಪನೆ ಮಾಡಿಕೊಳ್ಳಬೇಡಿ. ಎರಡು ಕೋಣೆ, ಒಂದು ಉದ್ದನೆಯ ಟೇಬಲ್ಲು. ಸುತ್ತಲಿನ ಊರುಗಳ ಜಾಹೀರಾತು ಕೂಡಿಸಿ, ಬರೆದು, ಜೋಡಿಸಿ ಪತ್ರಿಕೆಗಳಿಗೆ ಕಳಿಸುವುದು ನಮ್ಮ ಕೆಲಸ. ನಾನು ಸೇರಿದಾಗ ಅಕ್ಷರಗಳನ್ನು ಬ್ರೋಮೈಡ್ ಕಾಗದದ ಮೇಲೆ ತೆಗೆಸಿ, ಕತ್ತರಿಸಿ, ಗೋಂದು ಹಚ್ಚಿ ಅಂಟಿಸುತ್ತಿದ್ದೆವು. ಒಂದು ಒತ್ತಕ್ಷರ ಕೆಳಗೆ ಬಿದ್ದರೆ ಮೂರು ಮಂದಿ ನೆಲದ ಮೇಲೆ ಕೂತು ಹುಡುಕಬೇಕು. ಯಾರದೋ ಲಗ್ನದ ಶುಭಾಶಯದಿಂದ ಉದುರಿದ 'ನ' ಒತ್ತು ಮರುದಿನ ನನ್ನ ಸೀರೆಯ ನೆರಿಗೆಯಲ್ಲಿ ಸಿಕ್ಕಿತ್ತು. ಆಮೇಲೆ ಕಂಪ್ಯೂಟರ್ ಬಂತು, ಅಕ್ಷರ ಉದುರುವುದು ನಿಂತಿತು. ತಪ್ಪುಗಳು ಮಾತ್ರ ಮೊದಲಿಗಿಂತ ಚೊಕ್ಕಟವಾಗಿ ಅಚ್ಚಾಗತೊಡಗಿದವು.

ನನ್ನ ತಪ್ಪುಗಳ ಲೆಕ್ಕ ಕೇಳಬೇಡಿ. ಅಮೀನಗಡದ ಒಂದು ಕರದಂಟಿನ ಅಂಗಡಿಗೆ 'ಒಮ್ಮೆ ಹಲ್ಲಿಗೆ ಹತ್ತಿದರೆ ಬಿಡದ ರುಚಿ' ಎಂದು ಬರೆದು ಬೀಗಿದ್ದೆ. ಅದೇ ಪುಟದಲ್ಲಿ ಅದರ ಕೆಳಗೇ ಹಲ್ಲಿನ ಡಾಕ್ಟರರ ಜಾಹೀರಾತನ್ನು ಕೂಡಿಸಿದವಳೂ ನಾನೇ: 'ನೋವಿಲ್ಲದೆ ಹಲ್ಲು ಕೀಳಲಾಗುವುದು.' ಅಂಗಡಿಯವರು ಸಿಟ್ಟಾಗಲಿಲ್ಲ, ದೊಡ್ಡ ಮನಸ್ಸು. ಡಾಕ್ಟರರಿಗೆ ಒಂದು ಡಬ್ಬಿ ಕರದಂಟು ಕಳಿಸಿದರಂತೆ. ಈರಣ್ಣ ಸರ್ ಮಾತ್ರ ಒಂದು ವಾರ ನನ್ನ ಕಡೆ ನೋಡಿದಾಗಲೆಲ್ಲ ದವಡೆ ಹಿಡಿದುಕೊಳ್ಳುತ್ತಿದ್ದರು.

ಈರಣ್ಣ ಸರ್ ಬಗ್ಗೆ ಎರಡು ಮಾತು ಹೇಳಬೇಕು. ಓದಿದ್ದು ಏಳನೆಯ ಇಯತ್ತೆ, ಆದರೆ ಜಾಹೀರಾತು ಅವರಿಗೆ ರಕ್ತದಲ್ಲಿತ್ತು. ಅವರು ಕಲಿಸಿದ ಪಾಠ ಒಂದೇ. ನಮ್ಮ ಜಾಹೀರಾತನ್ನು ಯಾರೂ ಕೂತು ಓದುವುದಿಲ್ಲ. ಉಳ್ಳಾಗಡ್ಡಿ ಹೆಚ್ಚುತ್ತ ಓದುತ್ತಾರೆ, ಬಸ್ಸಿನಲ್ಲಿ ಪಕ್ಕದವನ ಹೆಗಲ ಮೇಲಿಂದ ಓದುತ್ತಾರೆ, ಭಜಿ ತಿಂದಾದ ಮೇಲೆ ಎಣ್ಣೆ ಹೀರಿದ ಕಾಗದದಲ್ಲಿ ಓದುತ್ತಾರೆ. ಹಾಗೆ ಓದಿದರೂ ತಿಳಿಯುವಂತಿರಬೇಕು. ಇದನ್ನು ಹೇಳುವಾಗ ಅವರು ನಿಜವಾಗಿಯೂ ಭಜಿ ತಿನ್ನುತ್ತಿರುತ್ತಿದ್ದರು.

ಇನ್ನೊಬ್ಬರು ಗುಂಡಪ್ಪ ಮಾಸ್ತರರು. ಸಾಲಿಯಲ್ಲಿ ಕನ್ನಡ ಕಲಿಸಿ ನಿವೃತ್ತರಾಗಿ ನಮ್ಮಲ್ಲಿ ಪ್ರೂಫ್ ತಿದ್ದಲು ಕೂತವರು. ಮನೆಯಲ್ಲಿ ಅವರೂ 'ಮನಿ', 'ಸಾಲಿ' ಎಂದೇ ಮಾತಾಡುವವರು. ಆದರೆ ಅಚ್ಚಿನಲ್ಲಿ ಆ ಮಾತು ಕಂಡರೆ ಅವರ ಕೆಂಪು ಪೆನ್ನು ತಾನಾಗಿ ಏಳುತ್ತಿತ್ತು. ಮನಿ ಮನೆಯಾಗಬೇಕು, ಗುಳಿಗಿ ಗುಳಿಗೆಯಾಗಬೇಕು. ಮಾತಾಡುವುದು ಬೇರೆ, ಬರೆಯುವುದು ಬೇರೆ ಎಂಬುದು ಅವರ ಧರ್ಮ. ನಮ್ಮ ಕಡೆಯವರೆಲ್ಲ ಹೀಗೆಯೇ ಅನ್ನಿ. ಮಾತು ನಮ್ಮದು, ಬರವಣಿಗೆ ಯಾರದೋ ಎಂಬಂತೆ ಹೆದರಿ ಬರೆಯುತ್ತೇವೆ.

ನಮ್ಮ ಈ ಮೂವರ ನಡುವೆ ಒಂದು ವರ್ಷ ದಸರಾ ಮುಗಿದ ಮೇಲೆ ಬಾದಾಮಿಯ ಮಲ್ಲಣ್ಣ ಬಂದ. ನನಗಿಂತ ಹದಿನೈದು ವರ್ಷ ಚಿಕ್ಕವನು, ಆದ್ದರಿಂದ ಏಕವಚನ. ಔಷಧದ ವಿದ್ಯೆ ಓದಿದವನು. ಊರ ಹೊರಗೆ ಒಂದು ಶೆಡ್ಡಿನಲ್ಲಿ ಮಷಿನ್ ಇಟ್ಟು ವಿಟಮಿನ್ ಗುಳಿಗೆ ಮಾಡಿಸುತ್ತಿದ್ದ, ಹೆಸರು 'ಹುರುಪು'. ಹತ್ತು ಗುಳಿಗೆಯ ಕೆಂಪು ಪಟ್ಟಿ. ಪ್ಯಾಕಿಂಗಿಗೆ ಹನ್ನೊಂದು ಹೆಣ್ಣುಮಕ್ಕಳಿದ್ದರು. ಮಾಲು ಒಳ್ಳೆಯದೇ, ಆದರೆ ಬಾಗಲಕೋಟೆ, ಹುನಗುಂದ, ಇಳಕಲ್ಲಿನ ಮೆಡಿಕಲ್ ಅಂಗಡಿಗಳಲ್ಲಿ ಇಟ್ಟಲ್ಲೇ ಕೂತಿತ್ತು. ಯುಗಾದಿಯೊಳಗೆ ಓಡದಿದ್ದರೆ ಎಲ್ಲವನ್ನೂ ವಾಪಸ್ ಕಳಿಸುತ್ತೇವೆ ಎಂದು ಅಂಗಡಿಯವರು ಹೇಳಿದ್ದರು.

"ವಾಪಸ್ ಬಂದ್ರ ಮಷಿನ್ ಬಂದ್ ಮಾಡೂದರೀ ಅಕ್ಕಾರ," ಎಂದ. "ನಾ ಎಲ್ಲೆರ ನೌಕರಿ ಮಾಡ್ತೇನಿ. ಆ ಹನ್ನೊಂದು ಮಂದಿಗೆ ಏನ್ ಹೇಳ್ಲಿ?"

ಈರಣ್ಣ ಸರ್ ಮೊಣಕಾಲು ನೋವು, ಸೊಂಟ ನೋವು ಎರಡನ್ನೂ ಹಾಕಿಬಿಡೋಣ ಎಂದರು. ಮಲ್ಲಣ್ಣ ಒಪ್ಪಲಿಲ್ಲ. ಇದು ವಿಟಮಿನ್, ಔಷಧವಲ್ಲ. ಊಟದಲ್ಲಿ ಕಡಿಮೆ ಬಿದ್ದದ್ದನ್ನು ತುಂಬುತ್ತದೆ, ರೋಗ ವಾಸಿ ಮಾಡುತ್ತದೆ ಎಂದು ಬರೆಯುವಂತಿಲ್ಲ ಎಂದು ಖಡಕ್ಕಾಗಿ ಹೇಳಿದ. ವಿದ್ಯಾ, ಇದನ್ನು ಬರೆದಿಟ್ಟುಕೋ. ವಾಸಿ ಮಾಡುತ್ತದೆ ಎಂದು ಬರೆಯುವುದಾದರೆ ಯಾರು ಬೇಕಾದರೂ ಬರೆಯುತ್ತಾರೆ. ಅದನ್ನು ಬಿಟ್ಟು ಬರೆಯುವುದೇ ನಮ್ಮ ಕಸುಬು.

ನಾನು ಮೂರು ದಿನ ತಲೆ ಕೆರೆದುಕೊಂಡು ಒಂದು ಸಾಲು ಹುಟ್ಟಿಸಿದೆ: 'ದಿನಕ್ಕೊಂದು ಹುರುಪು, ದಿನವಿಡೀ ದಮ್.' ಕೆಳಗೆ ಒಬ್ಬ ಪೈಲವಾನನ ಚಿತ್ರ. ದಮ್ ಎಂದರೆ ಕಸುವು, ಗಟ್ಟಿತನ. 'ಅವನಲ್ಲಿ ದಮ್ ಐತಿ' ಎನ್ನುವುದಿಲ್ಲವೇ, ಹಾಗೆ. ಶನಿವಾರ ಸಂಜೆ ಪುಟ ಹೋಗಬೇಕಿತ್ತು. ಈರಣ್ಣ ಸರ್ ಶನಿವಾರ ತಪ್ಪದೆ ತುಳಸಿಗೇರಿಯ ಹನಮಪ್ಪನಿಗೆ ಹೋಗುವವರು. ನನಗೂ ಮನೆಯಲ್ಲಿ ಬೀಗರು ಬಂದಿದ್ದರು, ಬೇಗ ಎದ್ದೆ. ಕಡೆಯ ಪ್ರೂಫ್ ನೋಡಿದವರು ಗುಂಡಪ್ಪ ಮಾಸ್ತರರೊಬ್ಬರೇ. ಕನ್ನಡದ ಶಬ್ದ ಹಾಗೆ ಮಕಾರದ ಮೇಲೆ ಅರ್ಧಕ್ಕೆ ನಿಂತರೆ ಅವರಿಗೆ ಸಮಾಧಾನವಿಲ್ಲ. ನಿಯಮ ಪ್ರಕಾರ ಸ್ವರ ಸೇರಿಸಿದರು. ಭಾನುವಾರ ಬೆಳಿಗ್ಗೆ ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬಂತು: 'ದಿನಕ್ಕೊಂದು ಹುರುಪು, ದಿನವಿಡೀ ದಮ್ಮು.'

ದಮ್ಮು ಎಂದರೆ ನಮ್ಮ ಕಡೆ ಉಬ್ಬಸ. ಎದೆ ಗೊರಗೊರ ಎನ್ನುವ, ಏದುಸಿರು ಬಿಡಿಸುವ ದಮ್ಮಿನ ಬೇನೆ.

ಒಂಬತ್ತು ಗಂಟೆಗೆ ಫೋನು ಶುರುವಾದವು. ಒಬ್ಬ ಮುದುಕರು ಬಹಳ ಮರ್ಯಾದೆಯಿಂದ, ನಮಗೆ ಮುಂಜಾನೆಯಷ್ಟೇ ದಮ್ಮು ಬರುತ್ತದೆ, ದಿನವಿಡೀ ಬರುವಂತೆ ಮಾಡಿಕೊಳ್ಳುವುದರಿಂದ ಏನು ಲಾಭ ಎಂದು ಕೇಳಿದರು. ಇನ್ನೊಬ್ಬರು ತಮ್ಮ ಬೀಗರ ವಿಳಾಸ ಕೊಟ್ಟು, ಅವರ ಮನೆಗೆ ಎರಡು ಪಟ್ಟಿ ಕಳಿಸಿಕೊಡಿ ಎಂದರು. ನನ್ನ ಮೂವತ್ತೊಂದು ವರ್ಷದಲ್ಲಿ ಅತಿ ಹೆಚ್ಚು ಮಂದಿ ಓದಿದ ಜಾಹೀರಾತು ಅದೇ. ಮಾಸ್ತರರು ತಪ್ಪು ಒಪ್ಪಲಿಲ್ಲ. ವ್ಯಾಕರಣ ಸರಿ ಇದೆ, ರೋಗ ನಿಮ್ಮ ತಲೆಯಲ್ಲಿದೆ ಎಂದರು. ನಾನು ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಅವರ ಹೆಂಡತಿ ನನಗೆಂದು ಶೇಂಗಾ ಹೋಳಿಗೆ ಕಟ್ಟಿ ಕಳಿಸಿದ್ದರಿಂದ ಮಾತು ಬಿಡುವುದು ಕಷ್ಟವಾಯಿತು.

ಹೋಳಿಗೆ ತಿಂದೆ, ಹಟ ಬಿಡಲಿಲ್ಲ. ಎರಡನೆಯ ಜಾಹೀರಾತನ್ನು ಮೇಲಿನಿಂದ ಕೆಳಗಿನವರೆಗೆ ನಮ್ಮ ಮಾತಿನಲ್ಲೇ ಬರೆದೆ. ಗಂಡ ಹೆಂಡತಿ ಕಟ್ಟೆಯ ಮೇಲೆ ಕೂತು ಮಾತಾಡುವುದು. ಆಕೆ 'ಯಾಕ್ರೀ, ಮಾರಿ ಸಣ್ಣ ಮಾಡ್ಕೊಂಡ್ ಕುಂತೀರಿ' ಅನ್ನುವುದು, ಅವನು ಸುಸ್ತು ಎನ್ನುವುದು, ಆಕೆ ಹುರುಪಿನ ಪಟ್ಟಿ ತೆಗೆಯುವುದು. ಮಾಸ್ತರರ ಕೈಗೆ ಪ್ರೂಫ್ ಸಿಗದಂತೆ ನಾನೇ ಕಾವಲು ಕೂತೆ. ನನ್ನ ಮಟ್ಟಿಗೆ ಅದು ಬಹಳ ಚೆಂದ ಬಂದಿತ್ತು, ಈಗಲೂ ಹಾಗೇ ಹೇಳುತ್ತೇನೆ.

ಆದರೆ ಪೇಪರಿನಲ್ಲಿ ಈ ಮಾತಿನಲ್ಲಿ ಬರುವುದು ನಾಟಕ ಕಂಪನಿಯ ಜಾಹೀರಾತು ಮಾತ್ರ ಎಂಬುದು ನನಗೆ ಹೊಳೆದಿರಲಿಲ್ಲ. ನಮ್ಮ ಜಿಲ್ಲೆಗೆ ನಾಟಕದ ಹುಚ್ಚು ಎಷ್ಟೆಂದು ನಿಮಗೆ ಗೊತ್ತು. 'ಹುರುಪು' ಎಂಬ ಹೊಸ ಸಾಮಾಜಿಕ ನಾಟಕ ಬಂದಿದೆ ಎಂದು ಜನ ತಿಳಿದರು. ಥೇಟರ್ ಎಲ್ಲಿ ಹಾಕೀರಿ, ನಾಯಕಿ ಯಾರು, ಹೆಣ್ಣುಮಕ್ಕಳಿಗೆ ಬೇರೆ ಕೂಡುವ ವ್ಯವಸ್ಥೆ ಇದೆಯೇ ಎಂದು ಕೇಳುವವರೇ ಕೇಳುವವರು. ಗುಳಿಗೆ ಕೇಳಿದವರು ಒಬ್ಬರೂ ಇಲ್ಲ. ಗುಂಡಪ್ಪ ಮಾಸ್ತರರು ಆ ದಿನ ಬರೀ ಒಂದು ರಂಗಗೀತೆ ಗುನುಗುತ್ತ ಪ್ರೂಫ್ ತಿದ್ದಿದರು.

ಮಲ್ಲಣ್ಣ ನಗುವ ಸ್ಥಿತಿಯಲ್ಲಿ ಇರಲಿಲ್ಲ. ಯುಗಾದಿಗೆ ನಾಲ್ಕು ತಿಂಗಳು ಉಳಿದಿದ್ದವು. ಅವನು ಬಂದು ಹೋದ ದಿನ ಈರಣ್ಣ ಸರ್ ನನ್ನನ್ನು ಕರೆದು ಬೈದರು. ಈ ಟೇಬಲ್ಲಿಗೆ ಕೂತು ಸಾಲು ಹೊಸೆಯುವುದು ಸಾಕು, ಗುಳಿಗೆ ಯಾರು ಹೇಗೆ ಕೊಳ್ಳುತ್ತಾರೆ ಎಂದು ಕಣ್ಣಿಂದ ನೋಡಿ ಬಾ, ಅಲ್ಲಿಯವರೆಗೆ ಪೆನ್ನು ಮುಟ್ಟಬೇಡ ಎಂದರು. ಬೈಗುಳ ನನಗೆ ಒಗ್ಗುವುದಿಲ್ಲ. ಆದರೆ ಮರುದಿನ ಮುಂಜಾನೆ ಬುತ್ತಿ ಕಟ್ಟಿಕೊಂಡು ಇಳಕಲ್ ಬಸ್ ಹತ್ತಿದೆ.

ಇಳಕಲ್ಲಿನಲ್ಲಿ ಒಂದು ಮೆಡಿಕಲ್ ಅಂಗಡಿಯವರು ಪರಿಚಯದವರು. ಒಳಗೆ ಸ್ಟೂಲ್ ಹಾಕಿಕೊಟ್ಟರು. ಮೂರು ದಿನ ಅಲ್ಲಿ ಕೂತೆ. ಮೊದಲ ದಿನ ಕಂಡದ್ದು ಇದು: ಬಂದ ಹೆಂಗಸರಲ್ಲಿ ಗುಳಿಗೆಯ ಹೆಸರು ಹೇಳಿದವರು ಬಹಳ ಕಡಿಮೆ. ಉಳಿದವರು ಸೆರಗಿನ ತುದಿಯ ಗಂಟು ಬಿಚ್ಚಿ, ಖಾಲಿಯಾದ ಪಟ್ಟಿಯ ಒಂದು ತುಂಡು ತೆಗೆದು ಮುಂದೆ ಹಿಡಿಯುತ್ತಿದ್ದರು. 'ಇಂಥಾವ ಕೊಡ್ರಿ' ಎನ್ನುತ್ತಿದ್ದರು. ಅಂಗಡಿಯವನು ತುಂಡು ನೋಡಿ ಅಂಥದ್ದೇ ಕೊಡುತ್ತಿದ್ದ. ಎದುರಿನ ನೂಲಿನ ಅಂಗಡಿಯಲ್ಲೂ ಅದೇ. ನೇಕಾರರ ಮನೆಯವರು ನೂಲಿನ ಒಂದು ಎಳೆ ತಂದು, ಇಂಥ ಬಣ್ಣ ಕೊಡಿ ಎನ್ನುತ್ತಿದ್ದರು. ತಂದ ಎಳೆಯನ್ನೂ ಕೊಂಡ ಎಳೆಯನ್ನೂ ಬಿಸಿಲಿಗೆ ಹಿಡಿದು ತಾಳೆ ನೋಡಿಯೇ ಹೋಗುತ್ತಿದ್ದರು.

ಮೂರನೆಯ ದಿನ ಮಧ್ಯಾಹ್ನ ರೊಟ್ಟಿ ಬಿಚ್ಚಿದವಳು ಹಾಗೇ ಕಟ್ಟಿಟ್ಟೆ. ಈ ಜನಕ್ಕೆ ಸಾಲು ಬೇಕಿಲ್ಲ, ಪೈಲವಾನ ಬೇಕಿಲ್ಲ, ಮಾದರಿ ಬೇಕು. ಪೇಪರಿನಲ್ಲಿ ಕೆಂಪು ಪಟ್ಟಿಯನ್ನು ಅದರ ಖರೇ ಅಳತೆಯಲ್ಲಿ, ಖರೇ ಬಣ್ಣದಲ್ಲಿ ಅಚ್ಚು ಹಾಕಬೇಕು. ಸುತ್ತ ಕತ್ತರಿಸುವ ಗೆರೆ. 'ಕತ್ತರಿಸಿ ತನ್ನಿ, ತಾಳೆ ನೋಡಿ ಕೊಳ್ಳಿ' ಎಂಬ ಒಂದೇ ಸಾಲು. ಅಷ್ಟೇ ಜಾಹೀರಾತು.

ಬಣ್ಣದ ಪುಟದಲ್ಲಿ ಹಾಕಿಸಬೇಕಾಯಿತು. ಮೊದಲ ಪ್ರೂಫಿನಲ್ಲಿ ಕೆಂಪು ಇಟ್ಟಂಗಿಯ ಬಣ್ಣಕ್ಕೆ ತಿರುಗಿತ್ತು. ಪ್ರೆಸ್ಸಿನವರು ಪೇಪರಿಗೆ ಇಷ್ಟು ಸಾಕು ಎಂದರು. ಅವರಿಗೆ ಇಳಕಲ್ಲಿನ ಕಣ್ಣು ಗೊತ್ತಿಲ್ಲ. ದಾಳಿಂಬರಿ ಕೆಂಪಿನಲ್ಲೇ ಹತ್ತು ಬಗೆ ನೋಡುವ ಕಣ್ಣು ಅದು. ಒಂದು ಎಳೆ ಹೆಚ್ಚುಕಡಿಮೆಯಾದರೆ ಸೀರೆಯನ್ನೇ ಮಡಚಿ ವಾಪಸ್ ಇಡುತ್ತಾರೆ. ಪ್ರೆಸ್ಸಿನಲ್ಲಿ ಇಡೀ ಹಗಲು ನಿಂತು, ನಾನು ಉಟ್ಟಿದ್ದ, ಪಟ್ಟಿಯದೇ ಕೆಂಪಿನ ಸೀರೆಯ ಸೆರಗನ್ನು ಗಲ್ಲಿಯ ಬೆಳಕಿಗೆ ಹಿಡಿದು ತೋರಿಸಿ, ಆರನೆಯ ಪ್ರೂಫಿಗೆ ಬಣ್ಣ ಕೂಡಿಸಿದೆ. ಪ್ರೆಸ್ಸಿನ ಮಾಲೀಕರು, ಮುಂದಿನ ಸಲ ಬಿಳಿ ಸೀರೆ ಉಟ್ಟುಕೊಂಡು ಬರ್ರಿ ಎಂದು ಕೈ ಮುಗಿದರು.

ಸಂಕ್ರಾಂತಿಯ ಮರುವಾರ ಜಾಹೀರಾತು ಬಂತು. ಹತ್ತು ದಿನದಲ್ಲಿ ಇಳಕಲ್ ಅಂಗಡಿಯವರು ಇನ್ನಷ್ಟು ಮಾಲು ಕೇಳಿದರು. ಹದಿನೈದು ದಿನದಲ್ಲಿ ಹುನಗುಂದದವರು, ಬಾಗಲಕೋಟೆಯವರು. ಹೆಂಗಸರು ಪೇಪರಿನ ತುಂಡು ಕತ್ತರಿಸಿ ಸೆರಗಿಗೆ ಕಟ್ಟಿಕೊಂಡು ಬರುತ್ತಿದ್ದರಂತೆ. ಮಲ್ಲಣ್ಣ ಮಹಾಕೂಟದ ಗುಡಿಗೆ ಹೋಗಿ ಹೊಂಡದಲ್ಲಿ ಮುಳುಗಿ ಬಂದೆ ಎಂದು ಫೋನ್ ಮಾಡಿದ; ಪ್ಯಾಕಿಂಗಿಗೆ ಇನ್ನೂ ಮೂವರು ಬೇಕಾಗುತ್ತಾರೆ ಎಂದ. ನಾನು ನೆಲದ ಮೇಲೆ ಇರಲಿಲ್ಲ. ಆಫೀಸಿನಲ್ಲಿ ಯಾರು ಏನು ಕೇಳಿದರೂ, ನಾನು ಇಳಕಲ್ಲಿನಲ್ಲಿ ಕೂತಾಗ ಎಂದೇ ಉತ್ತರ ಶುರುಮಾಡುತ್ತಿದ್ದೆ. ಮಾಸ್ತರರು ಕಿವಿಗೆ ಹತ್ತಿ ಇಟ್ಟುಕೊಂಡರು.

ಆಗ ಹುನಗುಂದದ ಮೆಡಿಕಲ್ ಅಂಗಡಿಯಿಂದ ಫೋನ್ ಬಂತು.

ಅಲ್ಲಿ ಬೀರವ್ವ ಎಂಬ ಅಜ್ಜಿ. ಬೀರಪ್ಪನ ಒಕ್ಕಲು, ಕುರಿ ಕಾಯ್ದು ಬೆಳೆದವಳು. ಅವಳಿಗೆ ಬಿಪಿ ಇತ್ತು, ದಿನಾ ಒಂದು ಗುಳಿಗೆ. ಆ ಗುಳಿಗೆಯ ಪಟ್ಟಿಯೂ ಕೆಂಪೇ, ಅಳತೆಯೂ ಸರಿಸುಮಾರು ಅದೇ. ಅವಳ ಪಟ್ಟಿ ಮುಗಿದಿತ್ತು, ತುಂಡು ಎಲ್ಲೋ ಕಳೆದಿತ್ತು. ಪಕ್ಕದ ಮನೆಯ ಪೇಪರಿನಲ್ಲಿ ನಮ್ಮ ಚಿತ್ರ ಕಂಡು, ಇದೇ ನನ್ನ ಗುಳಿಗೆ ಎಂದು ಕತ್ತರಿಸಿಕೊಂಡು ಅಂಗಡಿಗೆ ಬಂದಿದ್ದಾಳೆ. ಅಂಗಡಿಯವರು ತಾಳೆ ನೋಡಿ ಎರಡು ಪಟ್ಟಿ ಹುರುಪು ಕೊಟ್ಟಿದ್ದಾರೆ. ಹನ್ನೆರಡು ದಿನ ಬಿಪಿ ಗುಳಿಗೆ ಬಿಟ್ಟು ಅದನ್ನೇ ನುಂಗಿ, ಹದಿಮೂರನೆಯ ದಿನ ಹಿತ್ತಲಲ್ಲಿ ತಲೆ ತಿರುಗಿ ಬಿದ್ದಿದ್ದಾಳೆ. ಸೊಸೆ ದವಾಖಾನೆಗೆ ಒಯ್ದ ಮೇಲೆ ವಿಷಯ ಹೊರಬಿತ್ತು.

ತಾಳೆ ನೋಡಿ ಕೊಳ್ಳಿ ಎಂದು ಬರೆದವಳು ನಾನು. ಆಕೆ ತಾಳೆ ನೋಡಿಯೇ ಕೊಂಡಿದ್ದಳು.

ನಾನೂ ಮಲ್ಲಣ್ಣನೂ ಹುನಗುಂದಕ್ಕೆ ಹೋದೆವು. ಹೋಗಿ ನೋಡಿದರೆ ಬೀರವ್ವ ಕಟ್ಟೆಯ ಮೇಲೆ ಕಂಬಳಿ ಹಾಸಿಕೊಂಡು ಕೂತು ಸೊಸೆಯನ್ನು ಬೈಯುತ್ತಿದ್ದಳು. ಬಿಪಿ ಗುಳಿಗೆ ತಿರುಗಿ ಶುರುವಾಗಿತ್ತು, ಹಣೆಯ ಗಾಯಕ್ಕೆ ಬಟ್ಟೆ ಕಟ್ಟಿದ್ದರು, ಉಳಿದಂತೆ ಗಟ್ಟಿಮುಟ್ಟು. ಅದನ್ನು ಕಂಡು ಮಲ್ಲಣ್ಣ ಅಲ್ಲೇ ಕಟ್ಟೆಯ ಅಂಚಿಗೆ ಕೂತ. ಆಕೆಯ ಕಾಲು ಮುಟ್ಟಿದ. ಗುಳಿಗೆ ಮಾಡಿದವ ನಾನೇ, ತಪ್ಪು ನನ್ನದೇ ಎಂದ. ಬರೆದವಳು ನಾನು ಎಂದು ನಾನೂ ಹೇಳಿದೆ. ಅಜ್ಜಿ ಸೊಸೆಯನ್ನು ಬಿಟ್ಟು ನಮ್ಮ ಕಡೆ ತಿರುಗಿದಳು.

"ನನಗ ಓದಾಕ ಬರಂಗಿಲ್ಲ ತಮ್ಮಾ, ಬಣ್ಣ ನೋಡಿ ತಗೋತೇನಿ. ಒಂದು ನಿನ್ನ ಬಣ್ಣ ಬದಲ ಮಾಡು, ಇಲ್ಲಾ ನನಗ ಓದಾಕ ಕಲಸು," ಎಂದಳು.

ಬಣ್ಣ ಬದಲು ಮಾಡಿದರೆ ಆಯಿತಲ್ಲ ಎಂದು ನನಗೂ ಅನ್ನಿಸಿತು. ಮಲ್ಲಣ್ಣ ತಲೆ ಅಲ್ಲಾಡಿಸಿದ. ಯಾವ ಬಣ್ಣ ತೆಗೆದುಕೊಂಡರೂ ಆ ಬಣ್ಣದ ಇನ್ನೊಂದು ಗುಳಿಗೆ ಇದ್ದೇ ಇರುತ್ತದೆ. ಹಸಿರು ಮಾಡಿದರೆ ಸಕ್ಕರೆ ರೋಗದವರು, ನೀಲಿ ಮಾಡಿದರೆ ಇನ್ನಾರೋ ಎಂದ. ಅದನ್ನು ಕೇಳಿ ಅಜ್ಜಿ ನಕ್ಕಳು. ಇಷ್ಟು ಓದಿ ಇಷ್ಟೂ ತಿಳಿಯುವುದಿಲ್ಲವೇ ಎಂಬ ನಗು.

"ಹಳ್ಳದಾಗ ಸೀರಿ ಕಲತ್ರ ಬಣ್ಣ ನೋಡಿ ಹುಡುಕ್ತಾರೇನು? ಕೆಂಪು ಎಲ್ಲಾರ ಮನ್ಯಾಗೂ ಇರ್ತಾವ. ದಡಿ ನೋಡಿ ಹುಡುಕ್ತಾರ ತಮ್ಮಾ."

ದಡಿ ಎಂದರೆ ಸೀರೆಯ ಅಂಚು. ಹತ್ತು ಮನೆಯ ಹತ್ತು ಕೆಂಪು ಸೀರೆ ಒಂದೇ ಬಂಡೆಯ ಮೇಲೆ ಒಣಗಿದರೂ ನಮ್ಮ ಹೆಂಗಸರು ದಡಿ ನೋಡಿ ತಮ್ಮದನ್ನು ಎತ್ತಿಕೊಳ್ಳುತ್ತಾರೆ. ಇಳಕಲ್ಲಿನಲ್ಲಿ ಮೂರು ದಿನ ಸ್ಟೂಲಿನ ಮೇಲೆ ಕೂತು ನಾನು ಎಳೆ ನೋಡಿದ್ದೆ, ದಡಿ ನೋಡಿರಲಿಲ್ಲ. ದಡ್ಡಿ ಎಂದು ನನ್ನನ್ನು ನಾನೇ ಬೈದುಕೊಂಡೆ.

ಆಫೀಸಿನಲ್ಲಿ ಜಗಳವಾಯಿತು. ಈರಣ್ಣ ಸರ್ ಜಾಹೀರಾತು ನಿಲ್ಲಿಸುವುದು ಬೇಡ ಎಂದರು. ಹೊಸ ಪಟ್ಟಿ ತಯಾರಾಗುವವರೆಗೆ ಇದು ಓಡಲಿ, ಕೆಳಗೆ ಸಣ್ಣಕ್ಷರದಲ್ಲಿ 'ಹೆಸರು ಓದಿ ಕೊಳ್ಳಿ' ಎಂದು ಸೇರಿಸೋಣ ಎಂದರು. ಕೆಟ್ಟ ಮನುಷ್ಯರಲ್ಲ ಅವರು; ಯುಗಾದಿಗೆ ಒಂದೂವರೆ ತಿಂಗಳು ಇತ್ತು, ಹನ್ನೊಂದು ಮಂದಿಯ ಚಿಂತೆ ಅವರಿಗೂ ಇತ್ತು. ಮಲ್ಲಣ್ಣ ದನಿ ಏರಿಸಲಿಲ್ಲ. "ಓದಾಕ ಬರಲಾರದವರಿಗೆ ಓದಿ ತಗೊಳ್ರಿ ಅನ್ನೂದೇನ್ರಿ ಸರ?" ಎಂದ. ಸರ್ ಜಾಹೀರಾತು ನಿಲ್ಲಿಸಲು ಪತ್ರಿಕೆಗೆ ಫೋನ್ ಮಾಡಿದರು.

ಕೆಂಪು ಪಟ್ಟಿಗಳನ್ನು ಮಲ್ಲಣ್ಣನೇ ಊರೂರು ತಿರುಗಿ ಕೂಡಿಸಿ ತಂದ. ಯಾವ ಮಾಲು ವಾಪಸ್ ಬಂದೀತೆಂದು ದಸರೆಯಿಂದ ಹೆದರಿದ್ದನೋ ಅದನ್ನು ತನ್ನ ಕೈಯಾರೆ ವಾಪಸ್ ಹೊತ್ತ. ಮಷಿನ್ ನಿಂತಿತು. ಯುಗಾದಿಯವರೆಗೆ ಜಾಗ ಖಾಲಿ ಇಡುತ್ತೇವೆ, ಆಮೇಲೆ ಬೇರೆ ಕಂಪನಿಗೆ ಕೊಡುತ್ತೇವೆ ಎಂದು ಅಂಗಡಿಯವರು ಹೇಳಿದರು. ಹೊಸ ಪಟ್ಟಿ ಮಾಡಿಸುತ್ತೇನೆ, ಆದರೆ ಹುನಗುಂದದ ಅಜ್ಜಿ ಅದನ್ನು ಗುರುತಿಸಿ ಬೇರೆ ಮಾಡಬೇಕು, ಮಾಡದಿದ್ದರೆ ಮಷಿನ್ ತಿರುಗಿ ಚಾಲೂ ಮಾಡುವುದಿಲ್ಲ ಎಂದು ಮಲ್ಲಣ್ಣ ನಮ್ಮೆಲ್ಲರ ಮುಂದೆ ಹೇಳಿದ. ಹಟದ ಮಾತಲ್ಲ, ಅವನ ಮುಖ ನೋಡಿದರೆ ತಿಳಿಯುತ್ತಿತ್ತು.

ಕೆಂಪು ಪಟ್ಟಿ ಮನೆಗೆ ಒಯ್ದವರಿಗೆ ವಿಷಯ ತಿಳಿಸುವ ಜಾಹೀರಾತನ್ನು ನಾನು ಬರೆಯಬೇಕಿತ್ತು. ಅಷ್ಟು ಕಷ್ಟಪಟ್ಟು ನಾನು ಯಾವುದನ್ನೂ ಬರೆದಿಲ್ಲ. 'ಗ್ರಾಹಕರ ಗಮನಕ್ಕೆ' ಎಂದು ಶುರು ಮಾಡಿ, ಪಟ್ಟಿಗಳ ಹೋಲಿಕೆಯಿಂದ ಗೊಂದಲ ಉಂಟಾಗುವ ಸಾಧ್ಯತೆ ಇರುವುದರಿಂದ ಎಂದೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದೆ. ಪ್ರೂಫ್ ಗುಂಡಪ್ಪ ಮಾಸ್ತರರಿಗೆ ಹೋಯಿತು. ಅವರು ಆ ಸಾಲುಗಳನ್ನೆಲ್ಲ ಹೊಡೆದು ಹಾಕಿ ಮೇಲೆ ಮೂರು ವಾಕ್ಯ ಬರೆದರು. ನಮ್ಮಿಂದ ತಪ್ಪಾಗಿದೆ. ನಿಮ್ಮ ಬಿಪಿ ಗುಳಿಗೆಯ ಬದಲು ನಮ್ಮ ಕೆಂಪು ಪಟ್ಟಿ ಬಂದಿದ್ದರೆ ಇಂದೇ ಡಾಕ್ಟರರಿಗೆ ತೋರಿಸಿ. ಡಾಕ್ಟರರು ಬರೆದ ಗುಳಿಗೆಯನ್ನು ನಮ್ಮ ಗುಳಿಗೆಗಾಗಿ ಬಿಡಬೇಡಿ. ಅಷ್ಟೇ ಅಚ್ಚಾಯಿತು. ಆ ದಿನದಿಂದ ನಾನು ಮಾಸ್ತರರ ಕೆಂಪು ಪೆನ್ನಿನ ಬಗ್ಗೆ ಹಗುರವಾಗಿ ಮಾತಾಡಿಲ್ಲ.

ಹೊಸ ಪಟ್ಟಿಗೆ, ಇಳಕಲ್ ಸೀರೆಗೆ ನೇಯುವ ಗೋಮಿ ಎಂಬ ಬಗೆಯ ದಡಿಯನ್ನು ಎರಡೂ ಅಂಚಿಗೆ ಕೂಡಿಸಿದೆವು. ನಡುವೆ ಬಿಳಿ. ಚಿತ್ರ ಬರೆಯುವವನಿಂದ ಮಾಡಿಸಿದರೆ ಕಂಪ್ಯೂಟರಿನ ದಡಿಯಾಗುತ್ತದೆ ಎಂದು ನಾನು ಒಬ್ಬ ನೇಕಾರರನ್ನೇ ಕೂರಿಸಿಕೊಂಡು ಎಳೆ ಎಣಿಸಿ ಬರೆಸಿದೆ. ಎರಡು ಸಲ ಅವರು, ಇದು ಗೋಮಿ ಅಲ್ಲ, ಬಾಚಣಿಕೆ ಎಂದು ಹರಿದರು. ಮೂರನೆಯದಕ್ಕೆ ಹ್ಞೂಂ ಎಂದರು. ಜಾಹೀರಾತಿನ ಸಾಲು ತಾನಾಗಿ ಬಂತು: 'ದಡಿ ನೋಡಿ ಕೊಳ್ಳಿ.' ಅದರ ಕೆಳಗೆ ಮಾಸ್ತರರ ಮೂರನೆಯ ವಾಕ್ಯವನ್ನು ಅಷ್ಟೇ ದೊಡ್ಡ ಅಕ್ಷರದಲ್ಲಿ ಇಟ್ಟೆವು. ಹೀಗೆ ಬರೆದರೆ ಯಾರು ಕೊಳ್ಳುತ್ತಾರೆ ಎಂದು ಈರಣ್ಣ ಸರ್ ಗೊಣಗಿದರು, ಆದರೆ ಒಂದಕ್ಷರವನ್ನೂ ಸಣ್ಣ ಮಾಡಲಿಲ್ಲ.

ಯುಗಾದಿಗೆ ಒಂದು ವಾರ ಇರುವಾಗ ಮಾದರಿ ಪಟ್ಟಿಗಳು ಬಂದವು. ಈ ಸಲ ಈರಣ್ಣ ಸರ್, ಮಾಸ್ತರರು ಇಬ್ಬರೂ ನಮ್ಮ ಜೊತೆ ಹುನಗುಂದಕ್ಕೆ ಹೊರಟರು. ಬಾದಾಮಿಯ ಶೆಡ್ಡಿನಲ್ಲಿ ಹನ್ನೊಂದು ಹೆಣ್ಣುಮಕ್ಕಳು ಫೋನಿನ ಮುಂದೆ ಕೂತಿದ್ದಾರೆ ಎಂದು ಮಲ್ಲಣ್ಣ ಹೇಳಿದ. ಬೀರವ್ವನ ಕಂಬಳಿಯ ಮೇಲೆ ಮೆಡಿಕಲ್ ಅಂಗಡಿಯಿಂದ ತಂದ ಹದಿನೈದು ಬಗೆಯ ಪಟ್ಟಿಗಳ ಜೊತೆ ನಮ್ಮದನ್ನೂ ಕಲೆಸಿ ಹರಡಿದೆವು. ಕೆಂಪು, ಬಿಳಿ, ಬೆಳ್ಳಿ, ಹಸಿರು ಎಲ್ಲ ಇದ್ದವು.

ಅಜ್ಜಿ ಮೊದಲು ಬಿಪಿ ಪಟ್ಟಿಯನ್ನು ಎತ್ತಿ ಮಡಿಲಿಗೆ ಹಾಕಿಕೊಂಡಳು. ಆಮೇಲೆ ಬೆರಳು ಆಡಿಸುತ್ತ ಬಂದು ನಮ್ಮದರ ಮೇಲೆ ನಿಲ್ಲಿಸಿದಳು. ಇದು ಗೋಮಿ ದಡಿಯದು, ಆ ಹುಡುಗನದು ಎಂದಳು. ಮಾಸ್ತರರು ಪಟ್ಟಿಗಳನ್ನು ತಿರುಗಿ ಕಲೆಸಿದರು, ಎರಡನೆಯ ಸಲವೂ ಅದೇ, ಮೂರನೆಯ ಸಲವೂ ಅದೇ. ನಾಲ್ಕನೆಯ ಸಲ ಕಲೆಸಲು ಹೋದಾಗ ಅವರ ಕೈಗೆ ಒಂದು ಪೆಟ್ಟು ಕೊಟ್ಟಳು. ಮಲ್ಲಣ್ಣನಿಗೆ ಖುಷಿ ತಡೆಯಲಿಲ್ಲ. ನಮ್ಮ ಪಟ್ಟಿಯನ್ನು ಎತ್ತಿ ಆಕೆಯ ಕೈಯಲ್ಲಿಟ್ಟು, ಇದನ್ನು ನೀವೇ ಇಟ್ಟುಕೊಳ್ಳಿ, ಮೊದಲನೆಯದು ನಿಮಗೇ ಎಂದ.

ಅಜ್ಜಿ ಅದನ್ನು ಅವನ ಕೈಗೇ ತಿರುಗಿ ಇಟ್ಟಳು.

"ನನಗ ಬ್ಯಾಡ. ಡಾಕ್ಟರ ಬರದಿಲ್ಲ."

ಮಲ್ಲಣ್ಣ ನಗಲು ಶುರು ಮಾಡಿದ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು. ನನಗೂ ಬಂತು, ಮುಚ್ಚಿಡುವುದೇನು. ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು ಬಾದಾಮಿಗೆ ಫೋನ್ ಹಚ್ಚಿದ.

"ಮಷಿನ್ ಚಾಲೂ ಮಾಡ್ರಿ," ಎಂದ. "ಅಜ್ಜಿ ಬ್ಯಾಡ ಅಂದ್ಲು."